ತೊಳೆದ ವಾಚು ಮೂರೇ ವಾರಕ್ಕೆ ನಿಂತಾಗ

ನಿವೃತ್ತ ಶಾಲಾ ಮಾಸ್ತರರೊಬ್ಬರು ತಮ್ಮ ಎಚ್‌ಎಂಟಿ ಜನತಾ ವಾಚನ್ನು ಗದಗಿನ ನನ್ನ ಅಂಗಡಿಗೆ ಎರಡನೆಯ ಸಲ ತಂದಾಗ, ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಟ್ಟು ಇನ್ನೂ ಮೂರು ವಾರವಾಗಿತ್ತು. “ಮೊದಲ ನಿಧಾನ ಆತು, ಈಗ ರಾತ್ರಿ ನಿಂತೇ ಬಿಡತೈತಿ” ಎಂದರು. ಅವರು ಸಿಟ್ಟಾಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಮಶೀನು ಬಿಚ್ಚಿ ನೋಡಿದರೆ ಚಕ್ರಗಳಲ್ಲಿ ದೋಷವಿರಲಿಲ್ಲ, ಮೇನ್‌ಸ್ಪ್ರಿಂಗ್ ಕೂಡ ಚೆನ್ನಾಗಿತ್ತು. ಆದರೆ ಕಣ್ಣಿಗೆ ಲೆನ್ಸ್ ಹಚ್ಚಿಕೊಂಡು ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ, ಕೆಂಪು ಜುವೆಲ್‌ಗಳ (ಚಕ್ರದ ಅಚ್ಚು ಕೂತು ತಿರುಗುವ ಸಣ್ಣ ಕಲ್ಲುಗಳ) ರಂಧ್ರದ ಸುತ್ತ ಕೂದಲೆಳೆಯಷ್ಟು ತೆಳುವಾದ ಬಿಳಿಯ ಉಂಗುರ ಕಂಡಿತು. ಚೂಪು ಮಾಡಿದ ಕಡ್ಡಿಯನ್ನು ರಂಧ್ರದಲ್ಲಿಟ್ಟು ತಿರುಗಿಸಿದೆ. ತುದಿಗೆ ಬಿಳಿ ಜಿಗುಟು ಅಂಟಿಕೊಂಡು ಬಂತು. ನಾನು ಹಾಕಿದ್ದ ಎಣ್ಣೆ ಅದರೊಡನೆ ಕಲೆತು ಗಟ್ಟಿಯಾಗಿ, ಪಿವಟ್‌ಗಳನ್ನು, ಅಂದರೆ ಅಚ್ಚುಗಳ ಸಣ್ಣ ತುದಿಗಳನ್ನು, ಹಿಡಿದುಕೊಂಡಿತ್ತು.

ನಾನು ಬಳಸುವ ದ್ರಾವಣದಲ್ಲಿ ಅಮೋನಿಯಾ ಮತ್ತು ಓಲಿಯಿಕ್ ಆಸಿಡ್ ಇರುತ್ತವೆ. ಇವೆರಡೂ ಕೂಡಿದರೆ ಒಂದು ಬಗೆಯ ಸಾಬೂನಾಗುತ್ತದೆ: ಸಾಬೂನು ಹಳೆಯ ಎಣ್ಣೆಯನ್ನು ಎತ್ತುತ್ತದೆ, ಅಮೋನಿಯಾ ಹಿತ್ತಾಳೆಯ ಕಪ್ಪನ್ನು ತೆಗೆಯುತ್ತದೆ. ಇದನ್ನು ನೀರಿನಲ್ಲಿ ತೆಳುಮಾಡಿ ಬಳಸಬೇಕು. ಆ ವಾರ ಡಿಸ್ಟಿಲ್ಡ್ ನೀರು ಮುಗಿದಿತ್ತು, ತುಂಗಭದ್ರೆಯ ನಳದ ನೀರೂ ಬಂದಿರಲಿಲ್ಲ. ಆದ್ದರಿಂದ ಬೋರ್‌ವೆಲ್ ನೀರಿನಲ್ಲಿಯೇ ದ್ರಾವಣವನ್ನು ತೆಳುಮಾಡಿ, ಅದೇ ನೀರಿನಲ್ಲಿ ಜಾಲಾಡಿಸಿದ್ದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಂಥ ಸಾಬೂನಿನೊಡನೆ ಸೇರಿದರೆ ನೀರಿನಲ್ಲಿ ಕರಗದ ಗಸಿಯಾಗುತ್ತದೆ. ಬಚ್ಚಲಿನ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಗೆರೆಯೂ ಅದೇ. ಬಕೆಟ್ಟನ್ನು ತಿಕ್ಕಿದರೆ ಹೋಗುತ್ತದೆ. ಜುವೆಲ್ ರಂಧ್ರದೊಳಗೆ ತಿಕ್ಕುವವರು ಯಾರು?

ಈಗ ತೆಳುಮಾಡುವುದಕ್ಕೂ ಮೊದಲ ಎರಡು ಜಾಲಾಟಕ್ಕೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬಳಸುತ್ತೇನೆ. (ಬ್ಯಾಟರಿ ಅಂಗಡಿಯಲ್ಲಿ ಅದರ ಪಕ್ಕದಲ್ಲಿಯೇ ಆಸಿಡ್ ಕ್ಯಾನ್ ಕೂಡ ಇರುವುದರಿಂದ, ಸೀಲ್ ಇರುವ ಬಾಟಲಿಯನ್ನು ಲೇಬಲ್ ಓದಿಯೇ ತರಬೇಕು.) ಆ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದರೆ, ಅದು ಉಳಿದ ನೀರನ್ನು ತನ್ನೊಡನೆ ಸೆಳೆದುಕೊಂಡು ಬೇಗ ಆರುತ್ತದೆ, ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯಲು ಸಮಯ ಸಿಗುವುದಿಲ್ಲ.

ಆದರೆ ಪ್ಯಾಲೆಟ್ (ಚಕ್ರವನ್ನು ಒಂದೊಂದೇ ಹಲ್ಲು ತಡೆದು ಬಿಡುವ, ಕಲ್ಲು ಕೂರಿಸಿದ ಕವಲು) ಮತ್ತು ಬ್ಯಾಲೆನ್ಸ್‌ಗಳನ್ನು (ಹಿಂದೆ ಮುಂದೆ ತೂಗುವ ಚಕ್ರ) ಆಲ್ಕೋಹಾಲ್‌ಗೆ ನಾನು ಹಾಕುವುದಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುತ್ತಿದ್ದಾಗ, ಪ್ಯಾಲೆಟ್ಟನ್ನು ಸ್ಪಿರಿಟ್ ಬಟ್ಟಲಿನಲ್ಲಿ ಬಿಟ್ಟು ಊಟಕ್ಕೆ ಹೋಗಿದ್ದೆ. ಮರಳಿ ಬಂದು ಚಿಮಟಿಗೆಯಿಂದ ಎತ್ತಿದಾಗ ಒಂದು ಕಲ್ಲು ಬಟ್ಟಲಿನ ತಳದಲ್ಲಿಯೇ ಉಳಿದಿತ್ತು. “ತಮ್ಮಾ, ಕಲ್ಲಿಗೆ ಅರಗ ಹಚ್ಚಿರತಾರ ಅನ್ನೂದು ಮರತೇನು?” ಎಂದು ಉಸ್ತಾದರು ಕೇಳಿದರು. ಬಡಿಗೇರರು ಪಾಲಿಶ್ ಮಾಡಲು ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಕರಗಿಸುವುದನ್ನು ಚಿಕ್ಕಂದಿನಿಂದ ನೋಡಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಗಂಟೆಗೆ 18,000 ಬಡಿತದ ಮಶೀನಿನಲ್ಲಿ ಆ ಕಲ್ಲು ಎಳೆಯಷ್ಟು ಸರಿದರೂ ಚಲನೆಯೆಲ್ಲ ಕೆಡುತ್ತದೆ. ಈ ಎರಡು ಭಾಗಗಳಿಗೆ ವೈಟ್ ಪೆಟ್ರೋಲ್ (ಎಥೆನಾಲ್ ಬೆರೆಸದ, ತೊಳೆಯಲು ಬಳಸುವ ಪೆಟ್ರೋಲ್) ಸಾಕು. ಅದು ಅರಗನ್ನು ಮುಟ್ಟುವುದಿಲ್ಲ.

ಹಿಂದಿನವರು ಬಂಕಿನ ಪೆಟ್ರೋಲ್‌ನಲ್ಲಿ ತೊಳೆಯುತ್ತಿದ್ದುದು ನಿಜ. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಅರಗಿಗೆ ಶತ್ರು, ಮೇಲಾಗಿ ನೀರನ್ನು ಎಳೆದುಕೊಳ್ಳುವಂಥದ್ದು. ಆದ್ದರಿಂದ ಹಳೆಯ ರೂಢಿಯನ್ನು ಹಾಗೆಯೇ ಮುಂದುವರಿಸುವುದು ನನಗೆ ಸರಿಕಾಣುವುದಿಲ್ಲ. ಪೆಟ್ರೋಲ್ ಯಾವುದೇ ಆಗಿರಲಿ, ಬೆಳಗಿನ ಪೂಜೆಯ ಊದುಬತ್ತಿ ಪೂರ್ತಿ ಆರುವವರೆಗೆ ನನ್ನ ಅಂಗಡಿಯಲ್ಲಿ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ.

ಅಮೋನಿಯಾ ದ್ರಾವಣದಲ್ಲಿ ಹೆಚ್ಚು ಹೊತ್ತು ಇಟ್ಟಷ್ಟೂ ಹೆಚ್ಚು ಹೊಳಪು ಬರುತ್ತದೆಂದು ನಂಬುವವರೂ ಇದ್ದಾರೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟಾಗ ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ, ಗಾಳಿಯ ತೇವ ಮತ್ತು ಲೋಹದೊಳಗೆ ಉಳಿದಿದ್ದ ಒತ್ತಡ ಸೇರಿ ಹೀಗಾಗುತ್ತದೆಂಬ ವಿವರಣೆ 1921ರಲ್ಲಿ ಪ್ರಕಟವಾಯಿತು. ವಾಚಿನ ಹಿತ್ತಾಳೆಯೂ ಹಿತ್ತಾಳೆಯೇ. ನಾನು ಎಂಟು ನಿಮಿಷ ಮೀರಿಸುವುದಿಲ್ಲ, ಅಷ್ಟಕ್ಕೂ ಕಪ್ಪು ಹೋಗದಿದ್ದರೆ ಬ್ರಷ್ ಹಿಡಿಯುತ್ತೇನೆ. ಈ ದ್ರಾವಣವನ್ನು ಬ್ಲೀಚಿಂಗ್ ಪೌಡರ್ ಹಾಕಿದ ಮೋರಿಗೆ ಚೆಲ್ಲಬಾರದು, ವಿಷಾನಿಲ ಏಳುತ್ತದೆ.

ಜಾಲಾಡಿಸುವ ದ್ರವದ ಹೊಸ ಬಾಟಲಿ ಬಂದಾಗ ಈಗ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಸ್ವಚ್ಛ ಗಾಜಿನ ಮೇಲೆ ಒಂದು ಹನಿ ಹಾಕಿ, ಪೂರ್ತಿ ಆರಿದ ಮೇಲೆ ಓರೆ ಬೆಳಕಿನಲ್ಲಿ ನೋಡುತ್ತೇನೆ. ಏನಾದರೂ ಉಳಿದಿದ್ದರೆ ಅದು ಕೊನೆಯ ಜಾಲಾಟಕ್ಕೆ ಬಾರದು. ಪ್ರತಿ ರಂಧ್ರವನ್ನೂ ಕಡ್ಡಿಯಿಂದ ತಿರುವಿ, ಹೊಸ ದ್ರಾವಣದಲ್ಲಿ ತೊಳೆದು, ಐದು ದಿನ ನಡೆಸಿ ನೋಡಿ ಜನತಾವನ್ನು ಮರಳಿಸಿದ ದಿನ, ಮಾಸ್ತರರಿಗೂ ಆ ಗಾಜನ್ನು ತೋರಿಸಿದೆ. ಬ್ಯಾಟರಿ ನೀರಿನ ಹನಿ ಗುರುತಿಲ್ಲದೆ ಆರಿತ್ತು, ಬೋರ್ ನೀರಿನ ಹನಿ ದುಂಡಗಿನ ಬಿಳಿ ಬಳೆಯನ್ನು ಬಿಟ್ಟಿತ್ತು. ಅವರು ಕನ್ನಡಕ ಏರಿಸಿ ಎರಡನ್ನೂ ನೋಡಿ, “ಇದನ್ನ ಮೊದಲ ನೋಡಬೇಕಾಗಿತ್ತಲ್ಲಪಾ” ಎಂದು ವಾಚು ಕಟ್ಟಿಕೊಂಡು ಹೋದರು.