ಅಂಕ ಏರಿದಷ್ಟೂ ಬುದ್ಧಿ ಚುರುಕಾಗುವುದೇ?

ಬುದ್ಧಿಯನ್ನು ಚುರುಕುಗೊಳಿಸುತ್ತೇವೆಂದು ಹೇಳಿಕೊಳ್ಳುವ ಮೊಬೈಲ್ ಆ್ಯಪ್‌ಗಳಿಗೆ ಲೆಕ್ಕವಿಲ್ಲ. ಚೌಕಗಳು ಮಿನುಗಿದ ಕ್ರಮವನ್ನು ನೆನಪಿಟ್ಟು ಅದೇ ಕ್ರಮದಲ್ಲಿ ಒತ್ತುವುದು, ಮೇಲಿನಿಂದ ಬೀಳುವ ಲೆಕ್ಕಗಳಿಗೆ ಅವು ತಳ ಮುಟ್ಟುವುದರೊಳಗೆ ಉತ್ತರ ಕೊಡುವುದು, ಒಂದೇ ಬಗೆಯ ಚಿತ್ರಗಳ ನಡುವೆ ಬೇರೆಯಾದುದನ್ನು ಹುಡುಕುವುದು, ಹೀಗೆ ಆಟಗಳ ಸ್ವರೂಪ ಬೇರೆಬೇರೆಯಾದರೂ ಅವುಗಳ ಭರವಸೆ ಮಾತ್ರ ಒಂದೇ. ಆಡುತ್ತ ಹೋದಂತೆ ಅಂಕ ಏರುತ್ತದೆ. ನಮ್ಮ ಮೆದುಳಿನ ವಯಸ್ಸು ಕಡಿಮೆಯಾಯಿತೆಂಬ ಅಭಿನಂದನೆಯೂ ಕೆಲವೊಮ್ಮೆ ಬರುತ್ತದೆ. ಅಂಕ ಏರುವುದು ಸುಳ್ಳಲ್ಲ. ಆದರೆ ಏರಿದ್ದು ಆ ಆಟವನ್ನು ಆಡುವ ಕೌಶಲವೋ, ಆಟದಿಂದ ಹೊರಬಂದ ಮೇಲೂ ಕೆಲಸಕ್ಕೆ ಬರುವ ಬುದ್ಧಿಶಕ್ತಿಯೋ ಎಂಬುದನ್ನು ಆ ಅಂಕವೇ ಹೇಳಲಾರದು.

ಈ ಪ್ರಶ್ನೆಯನ್ನು ವಿಜ್ಞಾನಿಗಳು ನೇರವಾಗಿಯೇ ಪರೀಕ್ಷಿಸಿದ್ದಾರೆ. ಏಡ್ರಿಯನ್ ಓವನ್ ಮತ್ತು ಸಹೋದ್ಯೋಗಿಗಳು ಬಿಬಿಸಿಯ ನೆರವಿನಿಂದ ನಡೆಸಿ 2010ರಲ್ಲಿ 'ನೇಚರ್' ನಿಯತಕಾಲಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11,430 ಮಂದಿ ಆರು ವಾರಗಳ ಕಾಲ ಆನ್‌ಲೈನಿನಲ್ಲಿ ಇಂತಹ ಅಭ್ಯಾಸಗಳನ್ನು ಮಾಡಿದರು. ಅಭ್ಯಾಸ ಮಾಡಿದ ಆಟಗಳಲ್ಲೆಲ್ಲ ಅವರು ಮುಂದುವರಿದರು. ಅಭ್ಯಾಸ ಮಾಡದ ಪರೀಕ್ಷೆಗಳಲ್ಲಿ, ಅವು ಎಷ್ಟೇ ಹತ್ತಿರದ ಸಾಮರ್ಥ್ಯವನ್ನು ಅಳೆಯುವಂಥವಾದರೂ, ಆ ಪ್ರಗತಿ ಕಾಣಿಸಲಿಲ್ಲ. ಜಾಹೀರಾತುಗಳು ಇದನ್ನು ಲೆಕ್ಕಿಸಲಿಲ್ಲ. ಕೊನೆಗೆ 2016ರ ಜನವರಿಯಲ್ಲಿ, 'ಲುಮಾಸಿಟಿ' ಆ್ಯಪ್‌ನ ಕಂಪನಿಯು ತನ್ನ ಆಟಗಳಿಂದ ಶಾಲೆಯಲ್ಲಿ, ಕೆಲಸದಲ್ಲಿ ಸುಧಾರಣೆಯಾಗುತ್ತದೆಂದೂ ವಯಸ್ಸಿನ ಮರೆವು ತಡವಾಗುತ್ತದೆಂದೂ ಸಾಕಷ್ಟು ಆಧಾರವಿಲ್ಲದೆ ಪ್ರಚಾರ ಮಾಡಿದ್ದಕ್ಕಾಗಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನೊಂದಿಗೆ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು.

ಹಾಗೆಂದು ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕುವುದೂ ಸರಿಯಲ್ಲ. ಅಮೆರಿಕದಲ್ಲಿ 65 ವರ್ಷ ದಾಟಿದ 2,832 ಮಂದಿಯ ಮೇಲೆ ನಡೆದ 'ಆಕ್ಟಿವ್' ಎಂಬ ಪ್ರಯೋಗದಲ್ಲಿ ಒಂದು ಗುಂಪಿಗೆ ನೆನಪಿನ, ಒಂದಕ್ಕೆ ತರ್ಕದ, ಇನ್ನೊಂದಕ್ಕೆ ವೇಗದ ತರಬೇತಿ ಕೊಡಲಾಗಿತ್ತು. ವೇಗದ ತರಬೇತಿಯೆಂದರೆ, ಪರದೆಯ ನಡುವೆ ಒಂದು ವಾಹನ ಕ್ಷಣಾರ್ಧದಲ್ಲಿ ಮಿಂಚಿ ಮರೆಯಾಗುತ್ತದೆ, ಅದೇ ಕ್ಷಣಕ್ಕೆ ಅಂಚಿನಲ್ಲೆಲ್ಲೋ ಇನ್ನೊಂದು ಕಾಣಿಸಿಕೊಳ್ಳುತ್ತದೆ. ನಡುವಿನದು ಕಾರೋ ಲಾರಿಯೋ, ಅಂಚಿನದು ಯಾವ ದಿಕ್ಕಿನಲ್ಲಿತ್ತು ಎಂಬ ಎರಡನ್ನೂ ಹೇಳಬೇಕು. ಸರಿಯಾಗಿ ಹೇಳುತ್ತ ಹೋದಂತೆ ಚಿತ್ರ ಮಿಂಚುವ ಅವಧಿ ಕಿರಿದಾಗುತ್ತದೆ. ಹತ್ತು ವರ್ಷಗಳ ಬಳಿಕದ ಫಲಿತಾಂಶ 2014ರಲ್ಲಿ ಹೊರಬಂದಾಗ ತರ್ಕ ಮತ್ತು ವೇಗದ ತರಬೇತಿಗಳ ಲಾಭ ಆಯಾ ಸಾಮರ್ಥ್ಯಗಳಲ್ಲಿ ಇನ್ನೂ ಉಳಿದಿತ್ತು, ನೆನಪಿನ ತರಬೇತಿಯದು ಉಳಿದಿರಲಿಲ್ಲ. ಆದರೆ ಅಲ್ಲಿಯೂ ಲಾಭ ಕಂಡದ್ದು ಮುಖ್ಯವಾಗಿ ಅಭ್ಯಾಸ ಮಾಡಿದ ಸಾಮರ್ಥ್ಯದಲ್ಲಿಯೇ ಎಂಬುದನ್ನು ಗಮನಿಸಬೇಕು.

ಆದ್ದರಿಂದ ನಾನು ಆ್ಯಪ್‌ಗಳನ್ನು ಅಳೆಯುವ ಮಾನದಂಡ ಬೇರೆ. ಯಾವುದನ್ನು ಅಭ್ಯಾಸ ಮಾಡುತ್ತೇವೋ ಅದೇ ಚೆನ್ನಾಗಿ ಬರುವುದಾದರೆ, ಆ್ಯಪ್‌ನಲ್ಲಿ ಅಭ್ಯಾಸ ಮಾಡುವ ವಿಷಯವೇ ನಮಗೆ ಬೇಕಾದದ್ದಾಗಿರಬೇಕು. ಮಿನುಗುವ ಚೌಕಗಳ ಕ್ರಮ ಯಾರಿಗೂ ಬೇಕಿಲ್ಲ.

ಈ ಮಾನದಂಡಕ್ಕೆ ಸರಿಹೊಂದುವವುಗಳಲ್ಲಿ ನಾನು ಮೊದಲು ಹೆಸರಿಸುವುದು ಪ್ರಶ್ನೋತ್ತರದ ಕಾರ್ಡುಗಳ ಮೂಲಕ ನೆನಪಿಡಲು ನೆರವಾಗುವ 'ಆಂಕಿ'ಯನ್ನು. 2006ರಲ್ಲಿ ಆರಂಭವಾದ ಇದು ನೋಡಲು ಏನೂ ಆಕರ್ಷಕವಲ್ಲ. ಆಂಡ್ರಾಯ್ಡ್ ಫೋನಿನಲ್ಲಿ 'ಆಂಕಿಡ್ರಾಯ್ಡ್' ಎಂಬ ಹೆಸರಿನಲ್ಲಿ ಉಚಿತವಾಗಿ ದೊರೆಯುತ್ತದೆ. ಕಾರ್ಡಿನ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ, ಅಷ್ಟೇ. ನನ್ನ ಕಾರ್ಡುಗಳಲ್ಲಿ ಬಹುಪಾಲು ನಕ್ಷತ್ರಗಳಿಗೆ ಸಂಬಂಧಿಸಿದವು. ಒಂದರಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಚಿತ್ರವಿದ್ದು, ಅದರ ಒಂದು ಮೂಲೆಯ ಕೆಂಪು ನಕ್ಷತ್ರಕ್ಕೆ ಬಾಣದ ಗುರುತು ಹಾಕಿದ್ದೇನೆ. ಆರ್ದ್ರಾ ಎಂಬ ಉತ್ತರ ಮನಸ್ಸಿಗೆ ಬಂದ ಮೇಲೆಯೇ ಕಾರ್ಡನ್ನು ತಿರುಗಿಸಿ, ಅದು ಎಷ್ಟು ಸಲೀಸಾಗಿ ನೆನಪಾಯಿತೆಂಬುದಕ್ಕೆ ತಕ್ಕಂತೆ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಸುಲಭವಾಗಿ ನೆನಪಾದದ್ದು ಕೆಲವು ದಿನಗಳ ನಂತರ, ಆಮೇಲೆ ಕೆಲವು ವಾರಗಳ ನಂತರ, ಮುಂದೆ ತಿಂಗಳುಗಳ ನಂತರ ಬರುತ್ತದೆ. ಮರೆತದ್ದು ಕೂಡಲೇ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ.

ಇದರ ಹಿಂದಿನ ತತ್ತ್ವ ಹಳೆಯದು. ಜರ್ಮನಿಯ ಮನೋವಿಜ್ಞಾನಿ ಹೆರ್ಮಾನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ್ದನು; ಒಮ್ಮೆಗೇ ಓದುವುದಕ್ಕಿಂತ ಬಿಡುವು ಕೊಟ್ಟು ಓದುವುದು ಮೇಲೆಂಬುದನ್ನೂ ಅವನು ಕಂಡುಕೊಂಡಿದ್ದನು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ಹೆಣಗಾಡಿದರೆ ವಿಷಯ ಹೆಚ್ಚು ಕಾಲ ಉಳಿಯುತ್ತದೆಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಆ ಹೆಣಗಾಟವೇ ಇಲ್ಲಿ ನಿಜವಾದ ವ್ಯಾಯಾಮ. ಅದರಿಂದಾಗಿಯೇ ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡುಗಳನ್ನು ಇಳಿಸಿಕೊಳ್ಳುವುದಕ್ಕಿಂತ, ಓದಿ ಅರ್ಥಮಾಡಿಕೊಂಡದ್ದನ್ನು ಸ್ವಂತ ಮಾತಿನಲ್ಲಿ ಬರೆದುಕೊಳ್ಳುವುದು ಉತ್ತಮ. ದಿನಕ್ಕೆ 20 ಹೊಸ ಕಾರ್ಡುಗಳೆಂದು ಆಂಕಿಯಲ್ಲಿ ಮೊದಲೇ ಇರುವ ಮಿತಿಯನ್ನು ಐದಕ್ಕೆ ಇಳಿಸುವುದು ಜಾಣತನ, ಏಕೆಂದರೆ ಇಂದು ಸೇರಿಸಿದ ಪ್ರತಿಯೊಂದು ಕಾರ್ಡೂ ಮುಂದಿನ ವಾರಗಳಲ್ಲಿ ಮತ್ತೆ ಮತ್ತೆ ಮರಳುತ್ತದೆ.

ಚೆಸ್ ಇಷ್ಟಪಡುವವರಿಗೆ 'ಲಿಚೆಸ್' ಇದೆ; ಜಾಹೀರಾತಿಲ್ಲ, ಹಣ ಕೇಳುವ ಬೀಗಗಳಿಲ್ಲ. ಅದರ ಒಗಟುಗಳಿಂದ ಚೆಸ್ ಸುಧಾರಿಸುತ್ತದೆ. ಮನೆಯ ಲೆಕ್ಕಪತ್ರವೂ ಸುಧಾರಿಸುತ್ತದೆಂದು ನಾನು ಹೇಳುವುದಿಲ್ಲ. ಭಾಷೆ ಕಲಿಸುವ ಆ್ಯಪ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ಆದರೆ ಅವುಗಳಲ್ಲಿ ಒಂದು ದಿನ ತಪ್ಪಿದರೂ ಸತತ ದಿನಗಳ ಎಣಿಕೆ ಸೊನ್ನೆಗಿಳಿಯುತ್ತದೆಂಬ ಹೆದರಿಕೆ ಇರುತ್ತದೆ, ಅದರಿಂದ ಪಾರಾಗಲು ಅತಿ ಸುಲಭವಾದ ಪಾಠವನ್ನೇ ಮತ್ತೊಮ್ಮೆ ಮುಗಿಸುವ ಚಾಳಿ ಬೆಳೆಯುತ್ತದೆ. ಆ ಎಣಿಕೆಯನ್ನು ನೆನಪಿಸುವ ಸೂಚನೆಗಳನ್ನೆಲ್ಲ ನಾನು ಆಫ್ ಮಾಡಿಟ್ಟಿದ್ದೇನೆ.

ಮರೆವಿನ ರೋಗದ ಭಯದಿಂದ ಆ್ಯಪ್ ಹುಡುಕುವವರು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯು ದೈಹಿಕ ಚಟುವಟಿಕೆಯನ್ನು ಬಲವಾಗಿ ಶಿಫಾರಸು ಮಾಡುತ್ತದೆ, ಬುದ್ಧಿಯ ತರಬೇತಿಗೆ ಅಷ್ಟು ಬಲವಿಲ್ಲದ ಶಿಫಾರಸನ್ನಷ್ಟೇ ಕೊಡುತ್ತದೆ. ವೈದ್ಯಕೀಯ ನಿಯತಕಾಲಿಕ 'ಲ್ಯಾನ್ಸೆಟ್'ನ ಆಯೋಗವು 2024ರಲ್ಲಿ ಪಟ್ಟಿಮಾಡಿದ, ಮರೆವಿನ ರೋಗಕ್ಕೆ ದಾರಿಯಾಗುವ ಆದರೆ ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವಿ ಮಂದವಾಗುವುದೂ ಒಂದು. ಹಾಗಾಗಿ ವಯಸ್ಸಾದವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ವಿಶ್ವ ಆರೋಗ್ಯ ಸಂಸ್ಥೆಯ 'ಹಿಯರ್‌ಹೂ' ಎಂಬ ಉಚಿತ ಆ್ಯಪ್‌ನ ಹೆಸರನ್ನು. ಇಯರ್‌ಫೋನ್ ಹಾಕಿಕೊಂಡು ಕೂತರೆ ಗದ್ದಲದ ನಡುವೆ ಮೂರು ಮೂರು ಅಂಕಿಗಳು ಕೇಳಿಸುತ್ತವೆ, ಕೇಳಿಸಿದ್ದನ್ನು ಒತ್ತುತ್ತ ಹೋಗಬೇಕು. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಕಿವಿಯ ವೈದ್ಯರನ್ನು ಕಾಣಬೇಕು.