ದಿಂಬಿನೊಳಗಿನ ಸದ್ದು

ಮುಂಬೈಯಲ್ಲಿ ಎಸಿ ರಿಪೇರಿಗೆ ಸೇರಿ ಆಗಿನ್ನೂ ಎರಡು ವರ್ಷ. ಮಾಟುಂಗದ ಹಳೇ ಬಿಲ್ಡಿಂಗು, ಮೂರನೇ ಮಹಡಿ, ಕನ್ನಡದವರೇ ಒಬ್ಬರು ಅಜ್ಜಿ. "ರಾತ್ರಿಯೆಲ್ಲ ಗುಂಯ್ ಅನ್ನುತ್ತೆ ಕಣಪ್ಪಾ, ನಿದ್ದೆನೇ ಇಲ್ಲ" ಅಂದರು.

ಒಂದೂವರೆ ಟನ್ನಿನ ಎಸಿ. ಔಟ್‌ಡೋರ್ ಯೂನಿಟ್ಟು ಹೊರಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದ ಕಬ್ಬಿಣದ ಚೌಕಟ್ಟು, ಅಂದರೆ ಆಂಗಲ್ ಮೇಲೆ ಕೂತಿತ್ತು. ಬೆಲ್ಟ್ ಕಟ್ಟಿಕೊಂಡು ಇಳಿದು ಮೊದಲು ಪಾರಿವಾಳದ ಗೂಡು ತೆಗೆದೆ. ಈ ಊರಲ್ಲಿ ಸರ್ವಿಸ್ ಅಂದರೆ ಅರ್ಧ ಅದೇ ಕೆಲಸ. ಮೇನ್ ಆಫ್ ಮಾಡಿ ಫ್ಯಾನ್ ಕೈಯಲ್ಲಿ ತಿರುಗಿಸಿದರೆ ಶಾಫ್ಟ್ ಒಂಚೂರು ಅಲ್ಲಾಡಿತು. ಕಳ್ಳ ಸಿಕ್ಕ ಅಂದುಕೊಂಡು ಮೋಟಾರೇ ಬದಲಾಯಿಸಿದೆ. ದುಡ್ಡೂ ತಗೊಂಡೆ. ಅದೇ ರಾತ್ರಿ ಅಜ್ಜಿಯ ಫೋನು.

ಮರುದಿನ ನಮ್ಮ ಉಸ್ತಾದ್, ಅಂದರೆ ಹಿರಿಯ ಮೆಕ್ಯಾನಿಕ್, ಜೊತೆಗೆ ಬಂದರು. ವಿಜಯಪುರದ ಕಡೆಯವರು. ಬ್ಯಾಗೇ ಬಿಚ್ಚಲಿಲ್ಲ. "ಅಮ್ಮಾರ, ಎಲ್ಲಿ ಕುಂತಾಗ ಜಾಸ್ತಿ ಕೇಳಸ್ತೈತ್ರಿ?"

"ಕೂತಾಗ ಅಲ್ಲ, ಮಲಗಿದಾಗ. ದಿಂಬಿನ ಒಳಗಿಂದ ಬಂದ ಹಾಗೆ. ಕಿಟಕಿ ಹತ್ತಿರ ಹೋದರೆ ಅಷ್ಟಿಲ್ಲ."

ನಾನು ಇದನ್ನು ಕೇಳಿಯೇ ಇರಲಿಲ್ಲ. ಮಂಚದ ತಲೆಹಲಗೆ ಗೋಡೆಗೆ ತಾಗಿತ್ತು. ಅದೇ ಗೋಡೆಯ ಆಚೆಗೆ ಆಂಗಲ್‌ನ ಬೋಲ್ಟು. ಉಸ್ತಾದ್ ನನ್ನ ಅಂಗೈ ಹಿಡಿದು ಗೋಡೆಗೆ ಒತ್ತಿದರು. ಜುಮ್ ಅಂತು.

ಕಂಪ್ರೆಸರ್ ಓಡುವಾಗ ಅದುರೋದು ಸಹಜ. ಆ ಅದುರು ಆಂಗಲ್‌ಗೆ ಇಳಿಯದ ಹಾಗೆ ಯೂನಿಟ್ಟಿನ ನಾಲ್ಕು ಕಾಲ ಕೆಳಗೆ ರಬ್ಬರ್ ಇರುತ್ತೆ. ಇಲ್ಲಿನವು ಬಿಸಿಲಿಗೆ ಒಣಗಿ, ಉಗುರು ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿದ್ದವು. ಸದ್ದು ನೇರ ಗೋಡೆಗೆ, ಗೋಡೆಯಿಂದ ಮಂಚಕ್ಕೆ. ಮೋಟಾರ್ ಪಾಪ, ಸುಮ್ನೆ ಬಲಿಯಾಯಿತು.

ಈಗ ನಾನು ಸದ್ದನ್ನು ಬೇರ್ಪಡಿಸದೆ ಸ್ಪ್ಯಾನರ್ ಹಿಡಿಯೋದಿಲ್ಲ. ಓಡುತ್ತಿರುವಾಗ ಮೈಯ ತಗಡು ಒತ್ತಿದರೆ ನಿಂತಿತಾ, ಸ್ಕ್ರೂ ಸಡಿಲ. ತಾಮ್ರದ ಪೈಪು ತಗಡಿಗೆ ತಾಗಿದರೂ ಗಲಗಲ ಅನ್ನುತ್ತೆ. ಟಕ್ ಟಕ್ ಅಂದರೆ ಫ್ಯಾನಿನ ರೆಕ್ಕೆಗೆ ಏನೋ ಬಡಿಯುತ್ತಿದೆ. ಏನೂ ಗೊತ್ತಾಗದಿದ್ದರೆ ಕಂಪ್ರೆಸರ್ ವೈರ್ ಬಿಚ್ಚಿ ಫ್ಯಾನ್ ಒಂದನ್ನೇ ಓಡಿಸಿ ಕೇಳುತ್ತೇನೆ. ಮೇನ್ ಆಫ್ ಆದರೂ ಕೆಪಾಸಿಟರ್‌ನಲ್ಲಿ ಕರೆಂಟು ಉಳಿದಿರುತ್ತೆ, ಅದನ್ನು ಡಿಸ್ಚಾರ್ಜ್ ಮಾಡಿಯೇ ವೈರ್ ಮುಟ್ಟಬೇಕು.

ಆವತ್ತು ನಾಲ್ಕು ಹೊಸ ರಬ್ಬರ್ ಹಾಕಿದೆವು. ಮೋಟಾರಿನ ದುಡ್ಡು ವಾಪಸ್, ನನ್ನ ಸಂಬಳದಿಂದ. ಅಜ್ಜಿ ಎಸಿ ಹಾಕಿಸಿ ಮಲಗಿ ನೋಡಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಎದ್ದು ಕೂತು ಅಂದರು, "ಈಗ ಫ್ರಿಜ್ಜಿನ ಸದ್ದು ಕೇಳುತ್ತಲ್ಲಪ್ಪಾ!"