ಕೈ ಸುಮ್ಮನಾದರೆ ಮನುಷ್ಯ ಎದ್ದು ಹೋದನೆಂದಲ್ಲ

ಕಚೇರಿಯ ಕಂಪ್ಯೂಟರ್‌ಗಳ ಪರದೆ ತಾನಾಗಿ ಲಾಕ್ ಆಗುವಂತೆ ನೋಡಿಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಹೊಸದಾಗಿ ಸೇರಿದವರಿಗೆ ಮೊದಲು ಹೇಳುವುದಿಷ್ಟೇ: ಕೊನೆಯ ಸಲ ಕೀ ಒತ್ತಿದ್ದು, ಮೌಸ್ ಅಲುಗಿದ್ದು ಯಾವಾಗ ಎಂಬುದು ಯಂತ್ರಕ್ಕೆ ಗೊತ್ತು. ಎದುರಿಗೆ ಯಾರಾದರೂ ಕುಳಿತಿದ್ದಾರೆಯೇ ಎಂಬುದು ಗೊತ್ತಿಲ್ಲ.

ವಿಂಡೋಸ್‌ನಲ್ಲಿ ಕೊನೆಯ ಇನ್‌ಪುಟ್, ಅಂದರೆ ಕೀ ಒತ್ತಿದ್ದು ಅಥವಾ ಮೌಸ್ ಅಲುಗಿದ್ದು, ಯಾವಾಗ ಎಂದು ತಿಳಿಸುವ ಫಂಕ್ಷನ್ (ಪ್ರೋಗ್ರಾಂಗಳು ಕರೆಯುವ ಸಿದ್ಧ ಆಜ್ಞೆ) ಗೆಟ್‌ಲಾಸ್ಟ್‌ಇನ್‌ಪುಟ್‌ಇನ್ಫೋ. ಅದು ಕೊಡುವುದು ಕಳೆದ ಸಮಯವನ್ನಲ್ಲ, ಕೊನೆಯ ಇನ್‌ಪುಟ್ ಬಂದಾಗ ಯಂತ್ರ ಶುರುವಾದಾಗಿನಿಂದ ಅದರ ಗಡಿಯಾರ ನಡೆಸಿಕೊಂಡು ಬಂದ ಮಿಲಿಸೆಕೆಂಡ್ ಎಣಿಕೆಯನ್ನು. ಆ ಎಣಿಕೆ 32 ಬಿಟ್‌ನದು, ಸುಮಾರು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕೈ ಸುಮ್ಮನಿದ್ದ ಹೊತ್ತು ತಿಳಿಯಲು ಅದನ್ನು, ಹಾಗೆ ಬೇಗ ತುಂಬದ ಈಗಿನ 64 ಬಿಟ್ ಎಣಿಕೆಯಿಂದ ಕಳೆದರೆ, ತಿಂಗಳುಗಟ್ಟಲೆ ರೀಸ್ಟಾರ್ಟ್ ಆಗದ ಯಂತ್ರದಲ್ಲಿ ಟೈಪ್ ಮಾಡುತ್ತಿರುವವರೂ 49 ದಿನದಿಂದ ಕೈಯಾಡಿಸಿಲ್ಲ ಎಂಬ ಲೆಕ್ಕ ಬರುತ್ತದೆ. ಪಾಸ್‌ವರ್ಡ್ ಕೊಟ್ಟು ಒಳಗೆ ಬಂದ ಮರುಕ್ಷಣ ಪರದೆ ಮತ್ತೆ ಮುಚ್ಚಿಕೊಳ್ಳುತ್ತದೆ. ಪಾಪ, ಎದುರಿಗಿದ್ದವರು ಏನು ಮಾಡಬೇಕು? ಈಗಿನ ಎಣಿಕೆ, ಕೊನೆಯ ಇನ್‌ಪುಟ್‌ನ ಎಣಿಕೆ ಎರಡನ್ನೂ ಚಿಹ್ನೆಯಿಲ್ಲದ (ಋಣ ಬೆಲೆಯಿಲ್ಲದ) 32 ಬಿಟ್ ಸಂಖ್ಯೆಗಳಾಗಿಯೇ ಕಳೆದರೆ ಎಣಿಕೆ ಮಗುಚಿದರೂ ಉತ್ತರ ಸರಿಯಾಗಿಯೇ ಬರುತ್ತದೆ.

ವಿಂಡೋಸ್ ಪ್ರತಿ ಲಾಗಿನ್‌ಗೂ ಬೇರೆ ಬೇರೆಯಾಗಿ ತೆರೆಯುವ ಕೆಲಸದ ಜಾಗವೇ ಸೆಷನ್. ಈ ಫಂಕ್ಷನ್ ತಾನಿರುವ ಸೆಷನ್ನಿನ ಇನ್‌ಪುಟ್ ಮಾತ್ರ ನೋಡುತ್ತದೆ. ಹಿನ್ನೆಲೆಯ ಸರ್ವೀಸ್ ಓಡುವುದು ಸರ್ವೀಸ್‌ಗಳಿಗೆಂದೇ ಬೇರೆ ಇಟ್ಟ ಸೊನ್ನೆಯ ಸೆಷನ್ನಿನಲ್ಲಿ; ಅಲ್ಲಿ ಕುಳಿತು ಕೇಳಿ ಫಲವಿಲ್ಲ. ಬಳಕೆದಾರರ ಸೆಷನ್ನಿನಲ್ಲೇ ಒಂದು ಚಿಕ್ಕ ಪ್ರೋಗ್ರಾಂ ಇರಬೇಕು. ಅದು ಪ್ರತಿ ಸೆಕೆಂಡಿಗೂ ಕೇಳುತ್ತಿರಬೇಕಾಗಿಲ್ಲ. ಮಿತಿ 10 ನಿಮಿಷ, ಕೈ ನಿಂತು 4 ನಿಮಿಷವಾಗಿದ್ದರೆ, ಇನ್ನು 6 ನಿಮಿಷ ಬಿಟ್ಟು ನೋಡಿದರೆ ಸಾಕು.

ಉದ್ದದ ದಾಖಲೆ ಓದುವವರು, ವಿಡಿಯೊ ಸಭೆಯಲ್ಲಿ ಕಿವಿಗೊಟ್ಟು ಕೂತವರು ಹತ್ತು ನಿಮಿಷ ಏನನ್ನೂ ಮುಟ್ಟದಿರಬಹುದು. ಪರದೆ ಆರಿಸಬೇಡ ಎಂದು ವಿಡಿಯೊ ಪ್ರೋಗ್ರಾಂ ವಿಂಡೋಸ್‌ಗೆ ಹೇಳಿರುತ್ತದೆ, ಆದರೆ ಇನ್‌ಪುಟ್ ಎಣಿಕೆಯಲ್ಲಿ ಅದರ ಸುಳಿವಿರುವುದಿಲ್ಲ. ಹಾಗೆಂದು ಮಿತಿಯನ್ನೇ ಒಂದು ಗಂಟೆಗೆ ಏರಿಸುವುದನ್ನು ನಾನು ಒಪ್ಪುವುದಿಲ್ಲ. ತೆರೆದ ಪರದೆಯ ಮುಂದೆ ಯಾರು ಬೇಕಾದರೂ ಬಂದು ಕೂರಬಹುದು. ಲಾಕ್ ಮಾಡುವ ಮುನ್ನ ಕೆಲವು ಸೆಕೆಂಡು ಪರದೆ ಮಬ್ಬಾಗಲಿ. ಇದ್ದವರು ಮೌಸ್ ಅಲುಗಿಸುತ್ತಾರೆ.

ಲಿನಕ್ಸ್‌ನ ಪರದೆ, ಕೀಬೋರ್ಡ್, ಮೌಸ್ ನೋಡಿಕೊಳ್ಳುವ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ತೊಡಕು ಬೇರೆ: ತೆರೆದಿಟ್ಟ ಮೆನು ಕೀಬೋರ್ಡನ್ನು ಹಿಡಿದುಕೊಂಡಿದ್ದರೆ ಲಾಕ್ ಪ್ರೋಗ್ರಾಂಗೆ ಅದು ಸಿಗುವುದಿಲ್ಲ, ಪರದೆ ತೆರೆದೇ ಉಳಿಯಬಹುದು. ವಿಂಡೋಸ್‌ನಲ್ಲೂ ಲಾಕ್‌ವರ್ಕ್‌ಸ್ಟೇಷನ್ ಎಂಬ ಲಾಕ್ ಮಾಡುವ ಫಂಕ್ಷನ್ ಯಶಸ್ಸು ಎಂದು ಮರಳಿಸಿದರೆ ಕೆಲಸ ಶುರುವಾಗಿದೆ ಎಂದಷ್ಟೇ ಅರ್ಥ, ಮುಗಿದಿದೆ ಎಂದಲ್ಲ. ಸೆಷನ್ ಲಾಕ್ ಆಯಿತೆಂಬ ಸೂಚನೆ ಬರುವವರೆಗೆ ನಮ್ಮ ಪ್ರೋಗ್ರಾಂ ಕಾಯುತ್ತದೆ. ಬಾರದಿದ್ದರೆ ಮತ್ತೊಮ್ಮೆ ಲಾಕ್ ಮಾಡಲು ಯತ್ನಿಸಿ, ಲಾಗ್‌ನಲ್ಲಿ ಬರೆದಿಡುತ್ತದೆ.